ಆಟದ ಗದ್ದೆಯಲ್ಲಿ ಬಂದ ನಿದ್ರೆ

ನಿದ್ರೆ ಬಾರದವರು ನನ್ನ ಆಪ್ತಸಲಹೆಯ ಕೊಠಡಿಗೆ ಬರುವಾಗ ಸಾಮಾನ್ಯವಾಗಿ ಒಂದು ದೊಡ್ಡ ಪಟ್ಟಿಯೊಂದಿಗೆ ಬರುತ್ತಾರೆ: ಕುಡಿದು ನೋಡಿದ ಕಷಾಯ, ನೆತ್ತಿಗೆ ತಿಕ್ಕಿದ ಎಣ್ಣೆ, ಬಿಟ್ಟುಬಿಟ್ಟ ಚಹಾ, ಬದಲಿಸಿದ ದಿಂಬು, ಯಾರೋ ಹೇಳಿದ ಮಾತ್ರೆ. ಇನ್ನು ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ನಿಲ್ಲಿಸಬೇಕು ಎಂದು ಕೇಳಿದವರು ನನಗೆ ನೆನಪಿಲ್ಲ. ಈ ಪ್ರಕರಣವನ್ನು ಬರೆಯಲು ಅದೇ ಕಾರಣ. ಇನ್ನೊಂದು ಕಾರಣವೆಂದರೆ, ಮೊದಲ ಎರಡು ಭೇಟಿಗಳಲ್ಲಿ ನಾನೂ ಆ ಪಟ್ಟಿಗೆ ನಾಲ್ಕಾರು ಸಾಲುಗಳನ್ನು ಸೇರಿಸಿ ಕಳುಹಿಸಿದ್ದೆ. ಅದರಿಂದ ಅವರ ಕಷ್ಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರು ಉಡುಪಿಯಿಂದ ಹೆಚ್ಚು ದೂರವಿಲ್ಲದ ಒಂದು ಊರಿನವರು, ವಯಸ್ಸು 61, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯ ವರ್ಷವೇ ಅವರ ಅಣ್ಣ ರಾತ್ರಿ ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ನಿದ್ರೆ ಕೆಟ್ಟದ್ದು ಅಂದಿನಿಂದ. ನನ್ನ ಬಳಿ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲವನ್ನೂ ವೈದ್ಯರು ನೋಡಿಯಾಗಿತ್ತು. ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ ಇಲ್ಲವೆಂದು ಪತ್ನಿ ಖಚಿತವಾಗಿ ಹೇಳಿದರು. ಹಳೆಯ ಚೀಟಿಯೊಂದನ್ನು ತೋರಿಸಿ ತಂದಿಟ್ಟುಕೊಂಡಿದ್ದ ನಿದ್ರೆಯ ಮಾತ್ರೆಯನ್ನು ವಾರಕ್ಕೆ ಎರಡು ಮೂರು ದಿನ ಅರ್ಧ ನುಂಗುತ್ತಿದ್ದರು.

ಮೊದಲ ಭೇಟಿಗೇ ಅವರು ಒಂದು ಡೈರಿ ತಂದಿದ್ದರು. ಬ್ಯಾಂಕಿನವರು ವರ್ಷಾರಂಭದಲ್ಲಿ ಕೊಡುವಂಥದ್ದು. ಪ್ರತಿ ಪುಟದಲ್ಲಿ ಸ್ಕೇಲಿಟ್ಟು ಎಳೆದ ನಾಲ್ಕು ಅಂಕಣಗಳು: ಮಲಗಿದ ಹೊತ್ತು, ನಿದ್ರೆ ಬಂದ ಹೊತ್ತು, ಎಚ್ಚರವಾದ ಹೊತ್ತುಗಳು, ಒಟ್ಟು. ನಾಲ್ಕು ಗಂಟೆಗಿಂತ ಕಡಿಮೆ ನಿದ್ರೆಯಾದ ದಿನದ ಒಟ್ಟನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ತಿಂಗಳ ಕೊನೆಯಲ್ಲಿ, ದಿನಕ್ಕೆ ಎಂಟು ಗಂಟೆಯಂತೆ ಬರಬೇಕಾದ ನಿದ್ರೆಯಲ್ಲಿ ಎಷ್ಟು ಬಾಕಿ ಉಳಿಯಿತೆಂದು ಕೂಡಿ, ಆ ಬಾಕಿಯನ್ನು ಮುಂದಿನ ತಿಂಗಳಿಗೆ ಒಯ್ದಿದ್ದರು. ಇಷ್ಟು ನಿಖರವಾಗಿ ಬರೆಯಬೇಕಾದರೆ ರಾತ್ರಿ ಎಷ್ಟು ಬಾರಿ ಗಡಿಯಾರ ನೋಡಿರಬೇಕು ಎಂಬ ಪ್ರಶ್ನೆ ಆಗಲೇ ನನಗೆ ಏಳಬೇಕಿತ್ತು. ಏಳಲಿಲ್ಲ. ಸಂಜೆಯ ಮೇಲೆ ಕಾಫಿ ಬೇಡ, ಮಲಗುವ ಮೊದಲು ಮೊಬೈಲ್ ಬೇಡ, ಕೋಣೆ ಕತ್ತಲಾಗಿರಲಿ, ಬೇಗ ಮಲಗುವ ಅಭ್ಯಾಸ ಮಾಡಿ ಎಂದು ಹೇಳಿ ಕಳುಹಿಸಿದೆ. ಈ ಮಾತುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಯಾವುದೂ ತಪ್ಪಲ್ಲ. ಕಾಫಿಯಲ್ಲಿರುವ ಕೆಫೀನಿನ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕಾಗುತ್ತದೆ. ಆದ್ದರಿಂದ ಸಂಜೆ ಕಾಫಿ ಬೇಡವೆನ್ನುವುದು ಸರಿಯೇ. ಆದರೆ ವರ್ಷಗಟ್ಟಲೆ ಬೇರುಬಿಟ್ಟ ನಿದ್ರಾಹೀನತೆಗೆ ಈ ನಿಯಮಗಳಷ್ಟೇ ಮದ್ದಾಗುವುದಿಲ್ಲ ಎಂಬುದು ತಿಳಿದೂ, ಹೇಳಲು ಸುಲಭವೆಂದು ಹೇಳಿದ್ದೆ.

ಅವರು ಎಲ್ಲವನ್ನೂ ಚಾಚೂತಪ್ಪದೆ ಪಾಲಿಸಿದರು. ಎಂಟೂವರೆಗೇ ಹಾಸಿಗೆ ಸೇರತೊಡಗಿದರು. ಶನಿವಾರದ ಭಜನೆ ತಡವಾಗುತ್ತದೆಂದು ಬಿಟ್ಟರು. ನೆಂಟರ ಮನೆಯಲ್ಲಿ ಉಳಿಯುವುದನ್ನು ಬಿಟ್ಟರು. ಪತ್ನಿ ಹೊರಳಿದರೆ ಎಚ್ಚರವಾಗುತ್ತದೆಂದು ಬೇರೆ ಕೋಣೆಗೆ ಹೋದರು. ಡೈರಿಯಲ್ಲಿ ಕೆಂಪು ಅಂಕೆಗಳು ಹೆಚ್ಚಾದವು.

ಮೂರನೆಯ ಭೇಟಿಗೆ ಪತ್ನಿಯೂ ಜೊತೆಗೆ ಬಂದರು. ಜುಲೈ ತಿಂಗಳು, ಹೊರಗೆ ಜಡಿಮಳೆ. ಮಾತು ಕೇಳಿಸಲೆಂದು ಕಿಟಕಿ ಮುಚ್ಚಿ ಕುಳಿತಿದ್ದೆವು. ಅವರು ಎಂದಿನಂತೆ ಡೈರಿ ತೆರೆದು ಹಿಂದಿನ ರಾತ್ರಿಯ ಲೆಕ್ಕ ಒಪ್ಪಿಸುತ್ತಿದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ಪತ್ನಿ, ನನಗೆ ದೂರು ಕೊಡುವವರ ಹಾಗೆ ಹೇಳಿದರು:

"ಮೇಡಂ, ಇವರಿಗೆ ನಿದ್ರೆಯೇ ಇಲ್ಲ ಅಂತ ಅಲ್ಲ. ಫೆಬ್ರವರಿಯಲ್ಲಿ ನನ್ನ ತಮ್ಮನ ಮನೆಯ ಹರಕೆ ಆಟ ಇತ್ತು. ಒಂದು ಗಂಟೆಗೆ ಕುರ್ಚಿಯಲ್ಲಿ ಒರಗಿದವರು ಬೆಳಗ್ಗೆ ಮಂಗಳ ಹಾಡುವಾಗ ಎದ್ದದ್ದು. ಮಹಿಷಾಸುರ ದೊಂದಿ ಹಿಡಿದುಕೊಂಡು ನಮ್ಮ ಕುರ್ಚಿಯ ಪಕ್ಕದಲ್ಲಿಯೇ ಹೋದ. ಗರ್ನಾಲು ಹೊಡೆದರು. ಇವರಿಗೆ ಗೊತ್ತೇ ಇಲ್ಲ. ಮನೆಯಲ್ಲಿ ನಾನು ಲೋಟ ಇಟ್ಟರೂ ಎಚ್ಚರ ಆಗ್ತದೆ."

ಯಕ್ಷಗಾನ ಬಯಲಾಟವನ್ನು ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಮಹಿಷಾಸುರನ ಪ್ರವೇಶವೆಂದರೆ ಗದ್ದೆಯ ಆ ತುದಿಯಿಂದ ಬೆಂಕಿ, ಬೊಬ್ಬೆ, ಚೆಂಡೆಯ ಅಬ್ಬರ. ಮಲಗಿದ ಮಕ್ಕಳೂ ಎದ್ದು ಅಮ್ಮನನ್ನು ತಬ್ಬಿಕೊಳ್ಳುವ ಹೊತ್ತು. ಆ ಹೊತ್ತಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕತ್ತು ಒಂದು ಕಡೆ ವಾಲಿಸಿಕೊಂಡು ಈ ಹಿರಿಯರು ನಿದ್ರಿಸಿದ್ದರು. ಆ ದಿನದ ಪುಟವನ್ನು ಹುಡುಕಿ ತೆರೆಯಲು ಹೇಳಿದೆ. ಅಂಕಣಗಳು ಖಾಲಿ ಇದ್ದವು. "ಮಲಗಲಿಲ್ಲವಲ್ಲ, ಹಾಗಾಗಿ ಬರೆಯಲಿಲ್ಲ" ಎಂದರು. ಹಾಸಿಗೆಯಲ್ಲಿ ಬಾರದ ನಿದ್ರೆಯನ್ನು ಅವರು ನಿದ್ರೆಯೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಂದು ಏಕೆ ನಿದ್ರೆ ಬಂತು ಎಂದು ನಾವು ಮೂವರೂ ಸೇರಿ ಹುಡುಕಿದೆವು. ಉತ್ತರಗಳು ಒಂದೊಂದಾಗಿ ಬಂದವು. ಬೆಳಿಗ್ಗೆ ಐದಕ್ಕೆ ಎದ್ದು ದಿನವಿಡೀ ಓಡಾಡಿದ್ದರು. ಮನುಷ್ಯ ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತ ನಿದ್ರೆಯ ಒತ್ತಡ ಏರುತ್ತದೆ. ರಾತ್ರಿ ಎಂಟೂವರೆಗೆ ಅದು ಅರೆಬರೆ ಏರಿರುತ್ತದೆ, ಒಂದು ಗಂಟೆಗೆ ತುಂಬಿ ತುಳುಕುತ್ತಿರುತ್ತದೆ. ಎರಡನೆಯದಾಗಿ, ಅವರು ಅಲ್ಲಿಗೆ ಹೋದದ್ದು ನಿದ್ರಿಸಲು ಅಲ್ಲ, ಆಟ ನೋಡಲು. ಎಚ್ಚರವಾಗಿರಬೇಕು ಎಂಬುದೇ ಅಂದಿನ ಸಂಕಲ್ಪ. ನಿದ್ರೆ ಪ್ರಯತ್ನಕ್ಕೆ ಒಲಿಯುವಂಥದ್ದಲ್ಲ. ಪ್ರಯತ್ನವೇ ಒಂದು ಬಗೆಯ ಎಚ್ಚರ. ಈ ಗುಣವನ್ನು ಬಲ್ಲ ಮನೋವೈದ್ಯ ವಿಕ್ಟರ್ ಫ್ರಾಂಕಲ್, ನಿದ್ರೆ ಬಾರದವರಿಗೆ ಎಚ್ಚರವಾಗಿರಲು ಯತ್ನಿಸಿ ಎಂದೇ ಸಲಹೆ ನೀಡುತ್ತಿದ್ದರು. ಮೂರನೆಯದು, ಆ ಕುರ್ಚಿಯಲ್ಲಿ ಅವರು ಹಿಂದೆಂದೂ ಹೊರಳಾಡಿರಲಿಲ್ಲ. ಮನೆಯ ಹಾಸಿಗೆಯಲ್ಲಾದರೋ ಮೂರು ವರ್ಷ ಹೊರಳಾಡಿದ್ದರು. ದಿನವೂ ಒಂದೇ ಜಾಗದಲ್ಲಿ ಕಳವಳಪಟ್ಟರೆ, ಆ ಜಾಗವನ್ನು ಕಂಡಾಗಲೇ ದೇಹ ಕಳವಳಕ್ಕೆ ಸಿದ್ಧವಾಗುತ್ತದೆ. ಟಿವಿಯ ಎದುರು ತೂಕಡಿಸಿ, ಹಾಸಿಗೆಗೆ ಹೋದೊಡನೆ ಕಣ್ಣು ಅಗಲವಾಗುವುದನ್ನು ನಮ್ಮಲ್ಲಿ ಎಷ್ಟೋ ಮಂದಿ ಅನುಭವಿಸಿದ್ದೇವೆ.

ಇಷ್ಟು ಹೇಳಿ ಮುಗಿಸಿದೆನೆಂದುಕೊಂಡಾಗ ಅವರು ನಿಧಾನವಾಗಿ ಡೈರಿ ಮುಚ್ಚಿ, ನನ್ನನ್ನು ನೋಡದೆ ಹೇಳಿದರು: "ಆಟದಲ್ಲಿ ಅಷ್ಟು ಜನ ಎಚ್ಚರ ಇರ್ತಾರೆ ಮೇಡಂ. ಮನೆಯಲ್ಲಿ ನಾನು ಮಲಗಿದರೆ ಯಾರು ಎಚ್ಚರ ಇರುವುದು?"

ಪತ್ನಿ ಅವರ ಕಡೆ ತಿರುಗಿದರು. ಅಣ್ಣ ತೀರಿಕೊಂಡ ರಾತ್ರಿ ಆ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಯಾರಿಗೂ ಏನೂ ಕೇಳಿಸಿರಲಿಲ್ಲ. ಈ ಮಾತನ್ನು ಮೂರು ವರ್ಷಗಳಲ್ಲಿ ಅವರು ಯಾರ ಬಳಿಯೂ ಆಡಿರಲಿಲ್ಲ. ಆ ದಿನದ ಉಳಿದ ಸಮಯವೆಲ್ಲ ಅಣ್ಣನ ಬಗ್ಗೆ ಹೋಯಿತು. ನಾನು ಹೆಚ್ಚು ಮಾತನಾಡಲಿಲ್ಲ. ಮುಂದಿನ ಭೇಟಿಗೆ ಮೊದಲು ಹೃದಯದ ತಪಾಸಣೆಯೊಂದನ್ನು ಮಾಡಿಸಿಕೊಂಡು ಬರಲು ಹೇಳಿದೆ. ಅಣ್ಣನಿಗಾದದ್ದು ತನಗೂ ಆದೀತೆಂದು ಹೆದರುವ ತಮ್ಮನಿಗೆ ಸಮಾಧಾನದ ಮಾತಿಗಿಂತ ವೈದ್ಯರ ಪರೀಕ್ಷೆ ಮೊದಲು ಸಲ್ಲಬೇಕು ಎಂಬುದು ನನ್ನ ನಂಬಿಕೆ. ವರದಿ ಚೆನ್ನಾಗಿಯೇ ಬಂತು.

ಹಾಗಾದರೆ ಅಣ್ಣನ ಸಾವಿನ ದುಃಖ ಕರಗಿದರೆ ನಿದ್ರೆ ತಾನಾಗಿ ಬರುತ್ತದಲ್ಲವೇ ಎಂದು ಓದುಗರು ಕೇಳಬಹುದು. ಬರುವುದಿಲ್ಲ, ಅಥವಾ ಬರುವುದು ಅಪರೂಪ. ನಿದ್ರಾಹೀನತೆಯ ಕಾರಣಗಳನ್ನು ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಬಗೆಯಾಗಿ ವಿಂಗಡಿಸಿದ್ದರು: ಮೊದಲೇ ಇರುವ ಒಲವು, ಆರಂಭಿಸಿದ ಘಟನೆ, ಮತ್ತು ಮುಂದುವರಿಸಿಕೊಂಡು ಹೋಗುವ ಅಭ್ಯಾಸಗಳು. ಇವರ ವಿಷಯದಲ್ಲಿ ಎಲ್ಲವನ್ನೂ ಲೆಕ್ಕವಿಡುವ ಸ್ವಭಾವ ಮೊದಲನೆಯದು, ಅಣ್ಣನ ಸಾವು ಎರಡನೆಯದು. ಹತ್ತು ಗಂಟೆ ಹಾಸಿಗೆಯಲ್ಲಿ ಕಳೆಯುವುದು, ಗಡಿಯಾರ ನೋಡುವುದು, ಮಧ್ಯಾಹ್ನ ಅಡ್ಡಾಗುವುದು, ನಿದ್ರೆಗಾಗಿ ಬದುಕಿನ ಸುಖಗಳನ್ನೆಲ್ಲ ಬಿಡುವುದು ಮೂರನೆಯದು. ಕಿಡಿ ಬಿದ್ದದ್ದು ಒಂದರಿಂದ, ಉರಿಯುತ್ತಿರುವುದು ಇನ್ನೊಂದರಿಂದ. ದುಃಖಕ್ಕೆ ಅದರದೇ ಸಮಯ ಬೇಕು, ಅಭ್ಯಾಸವನ್ನು ಮಾತ್ರ ಇಂದೇ ಬದಲಿಸಲು ಸಾಧ್ಯ. ಆದ್ದರಿಂದ ದುಃಖವನ್ನು ಕೇಳುತ್ತಲೇ ಅಭ್ಯಾಸಕ್ಕೆ ಕೈಹಾಕಿದೆ.

ಡೈರಿಯ ಎರಡು ವಾರಗಳ ಸರಾಸರಿ ತೆಗೆದರೆ, ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಆರೂವರೆಯವರೆಗಿನ ಹತ್ತು ಗಂಟೆಯಲ್ಲಿ ನಿದ್ರೆ ಸುಮಾರು ಐದೂಕಾಲು ಗಂಟೆ. ನಾನು ಕೊಟ್ಟ ಸಲಹೆ ಇದು: ರಾತ್ರಿ ಹನ್ನೆರಡಕ್ಕೆ ಮೊದಲು ಹಾಸಿಗೆಗೆ ಹೋಗಬಾರದು, ಎಷ್ಟೇ ಕಡಿಮೆ ನಿದ್ರೆಯಾಗಿದ್ದರೂ ಐದೂವರೆಗೆ ಏಳಬೇಕು, ಎದ್ದು ಅಂಗಳದ ಬೆಳಕಿಗೆ ಬರಬೇಕು, ಹಗಲು ಮಲಗಬಾರದು. ಹಾಸಿಗೆಯಲ್ಲಿ ನಿದ್ರೆ ಬಾರದೆ ಬಹಳ ಹೊತ್ತಾಯಿತು ಎನಿಸಿದರೆ, ಸುಮಾರು ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ, ಗಡಿಯಾರ ನೋಡದೆಯೇ ಎದ್ದು ಚಾವಡಿಯಲ್ಲಿ ಮಂದ ಬೆಳಕಿನಲ್ಲಿ ಕೂರಬೇಕು. ಕಣ್ಣು ಎಳೆಯತೊಡಗಿದಾಗ ಮಾತ್ರ ಮರಳಬೇಕು. ಗಡಿಯಾರ ಕೋಣೆಯಿಂದ ಹೊರಗೆ. ಡೈರಿಯನ್ನು ಬೆಳಿಗ್ಗೆ ಒಮ್ಮೆ, ಅಂದಾಜಿನಲ್ಲಿ ಬರೆದರೆ ಸಾಕು. ಬಾಕಿ ಒಯ್ಯುವ ಹಾಗಿಲ್ಲ. ಭಜನೆಗೆ ಮತ್ತೆ ಹೋಗಬೇಕು. ಹಾಸಿಗೆಯಲ್ಲಿದ್ದ ಸಮಯದಲ್ಲಿ ನೂರಕ್ಕೆ 85 ಭಾಗ ನಿದ್ರೆಯಾಗತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಬೇಗ ಮಲಗಬಹುದು.

ಎಂಟು ದಿನಗಳಾಗುತ್ತಲೇ ದುಬೈಯಲ್ಲಿರುವ ಮಗಳು ಫೋನ್ ಮಾಡಿದರು. ಸಿಟ್ಟಿನಲ್ಲಿದ್ದರು. "ಅಪ್ಪನಿಗೆ ಮೊದಲೇ ನಿದ್ರೆ ಇಲ್ಲ, ನೀವು ಹನ್ನೆರಡರವರೆಗೆ ಕೂರಿಸ್ತೀರಿ. ಇದು ಎಂತ ಚಿಕಿತ್ಸೆ?" ಆ ಮೊದಲ ವಾರ ಅವರು ನಿಜಕ್ಕೂ ಬಸವಳಿದಿದ್ದರು. ಮಗಳ ಪ್ರಶ್ನೆ ನ್ಯಾಯವಾದದ್ದೇ, ಮತ್ತು ಇಂಥ ಪ್ರಶ್ನೆ ನನಗೆ ಪದೇ ಪದೇ ಬರುವುದರಿಂದ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಇದು ನನ್ನ ಸ್ವಂತ ಪ್ರಯೋಗವಲ್ಲ. ಹಾಸಿಗೆಯನ್ನು ನಿದ್ರೆಗೆ ಮಾತ್ರ ಮೀಸಲಿಡುವ ವಿಧಾನವನ್ನು ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದರು. ಹಾಸಿಗೆಯ ಸಮಯವನ್ನು ಮೊಟಕುಗೊಳಿಸುವ ವಿಧಾನವನ್ನು ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಇವೆರಡೂ ಸೇರಿದ ವರ್ತನಾ ಚಿಕಿತ್ಸೆಯನ್ನು ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಹತ್ತು ಗಂಟೆಯಷ್ಟು ಉದ್ದಕ್ಕೆ ತೆಳ್ಳಗೆ ಹರಡಿಹೋದ ನಿದ್ರೆಯನ್ನು ಐದೂವರೆ ಗಂಟೆಯೊಳಗೆ ಒತ್ತಟ್ಟು ಮಾಡುವುದು ಇದರ ಕೆಲಸ. ಸುಸ್ತು ಈ ಚಿಕಿತ್ಸೆಯ ದೋಷವಲ್ಲ, ಅದರ ಉಪಕರಣ.

ಆದರೆ ಉಪಕರಣಕ್ಕೆ ಅಲಗಿದೆ ಎಂಬುದನ್ನೂ ಮರೆಯುವಂತಿಲ್ಲ. ಮೊದಲ ಮೂರು ವಾರ ಸ್ಕೂಟರ್ ಮುಟ್ಟಬಾರದೆಂದು ಅವರಿಗೆ ಹೇಳಿದ್ದೆ. ಅಪಸ್ಮಾರ ಇರುವವರು, ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆ ಇರುವವರು, ಬಸ್ ಚಾಲಕರು, ಮಲ್ಪೆಯಿಂದ ರಾತ್ರಿ ದೋಣಿಯಲ್ಲಿ ಹೊರಡುವವರು ವೈದ್ಯರ ನಿಗಾ ಇಲ್ಲದೆ ಇದನ್ನು ಮಾಡಬಾರದು. ಯಾರಿಗೇ ಆಗಲಿ ಐದು ಗಂಟೆಗಿಂತ ಕಡಿಮೆ ಸಮಯ ನಿಗದಿಪಡಿಸುವುದಿಲ್ಲ. ಮಾತ್ರೆಯ ವಿಷಯಕ್ಕೆ ನಾನು ಕೈಹಾಕಲಿಲ್ಲ. ಮನೋವೈದ್ಯರ ಬಳಿ ಕಳುಹಿಸಿದೆ, ಅವರು ಹಂತಹಂತವಾಗಿ ಇಳಿಸಿದರು. ದಿನವೂ ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸುವುದು ಅಪಾಯಕಾರಿ. ನಿದ್ರೆಯಲ್ಲಿ ಉಸಿರುಗಟ್ಟಿ ಏಳುವವರು, ರಾತ್ರಿ ಕಾಲುಗಳಲ್ಲಿ ತಡೆಯಲಾಗದ ಚಡಪಡಿಕೆ ಇರುವವರು ಆಪ್ತಸಲಹೆಗಾರರಿಗಿಂತ ಮೊದಲು ವೈದ್ಯರನ್ನು ಕಾಣಬೇಕು. ನಿದ್ರೆಯ ಜೊತೆ ಬದುಕುವ ಆಸೆಯೂ ಹೋಗುತ್ತಿದೆ ಎನಿಸುವವರು ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ವಾರದ ಕೊನೆಗೆ ಹನ್ನೆರಡು ಗಂಟೆಯವರೆಗೆ ಎಚ್ಚರವಿರುವುದೇ ಅವರಿಗೆ ಕಷ್ಟವಾಗತೊಡಗಿತು. ಪತ್ನಿ ಜೊತೆಗೆ ಕುಳಿತು ಹಳೆಯ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳಿಸಿದರಂತೆ. ನಾಲ್ಕನೆಯ ವಾರ ಅವರು ಮತ್ತೆ ಪತ್ನಿಯ ಕೋಣೆಗೆ ಬಂದರು. ಅದು ನನ್ನ ಸಲಹೆಯಲ್ಲ. ಅಕ್ಟೋಬರ್ ಹೊತ್ತಿಗೆ ಹನ್ನೊಂದಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದರು. ಅದರಲ್ಲಿ ಐದೂಮುಕ್ಕಾಲು ಗಂಟೆಯಷ್ಟು ನಿದ್ರೆ. ಎಂಟು ಗಂಟೆ ಆಗಲಿಲ್ಲ. ಅವರ ವಯಸ್ಸಿಗೆ, ಹಗಲು ತೂಕಡಿಕೆ ಇಲ್ಲದಿದ್ದರೆ, ಎಂಟೇ ಆಗಬೇಕೆಂಬ ಹಟ ನನಗಿಲ್ಲ. ವಾರಕ್ಕೊಮ್ಮೆ ಕೆಟ್ಟ ರಾತ್ರಿ ಈಗಲೂ ಬರುತ್ತದೆ. ಅಣ್ಣನ ತಿಥಿಯ ಹಿಂದಿನ ರಾತ್ರಿ ಬಹುತೇಕ ಎಚ್ಚರವಾಗಿಯೇ ಇದ್ದರು. ಅದನ್ನು ಕಾಯಿಲೆಯೆಂದು ನಾವಿಬ್ಬರೂ ಎಣಿಸಲಿಲ್ಲ.

ಕೊನೆಯ ಭೇಟಿಯಲ್ಲಿ ಎದ್ದು ಹೊರಡುವಾಗ ಅವರು ಬಾಗಿಲ ಬಳಿ ನಿಂತು ಒಂದು ಅನುಮತಿ ಕೇಳಿದರು. ಮುಂದಿನ ತಿಂಗಳು ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಪಕ್ಕದ ಊರಿನಲ್ಲಿ ಆಟ ಉಂಟು, ಹೋಗಬಹುದಾ ಎಂದು. ಹೋಗಿ ಎಂದೆ. ಮರುದಿನ ಹಗಲು ಮಲಗದೆ, ರಾತ್ರಿ ಎಂದಿನ ಹನ್ನೊಂದು ಗಂಟೆಗೇ ಹಾಸಿಗೆಗೆ ಹೋಗಬೇಕು. ಆಟ ಮುಗಿಸಿ ಬೆಳಿಗ್ಗೆ ಬರುವಾಗ ಸ್ಕೂಟರ್ ಓಡಿಸಬಾರದು, ರಿಕ್ಷಾದಲ್ಲಿ ಬರಬೇಕು.