ವಿಮಾನ ಯಾರದು, ಕೌಂಟರ್ ಯಾವುದು?

ಏರ್‌ಪೋರ್ಟ್ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಪತ್ರ ನೋಡಿ ಯಾಕಾದರೂ ಬರೆದೆನೋ ಅನ್ನಿಸಿತು, ಅಷ್ಟಿವೆ. ಹೊಸ ಓದುಗರಿಗೆ ನನ್ನ ಗುರುತು ಹೇಳಿಬಿಡುತ್ತೇನೆ. ನಾನು 28 ವರ್ಷ ಚೆಕ್-ಇನ್ ಕೌಂಟರ್‌ನಲ್ಲಿ ಕೆಲಸ ಮಾಡಿದವಳು. 12 ವರ್ಷ ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಲ್ಲಿ, 16 ವರ್ಷ ದೇವನಹಳ್ಳಿಯಲ್ಲಿ. ಮೂರು ಕಂಪನಿಗಳ ಸೀರೆ ಉಟ್ಟಿದ್ದೇನೆ. ಈಗ ಯಲಹಂಕದ ಮನೆ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ತಲೆ ಎತ್ತಿ ವಿಮಾನದ ಬಾಲದ ಬಣ್ಣ ನೋಡುವುದು ಮಾತ್ರ ಉಳಿದಿದೆ.

ಪ್ರಶ್ನೆ: ನನಗೆ 66 ವರ್ಷ. ಶಿಕಾಗೋದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದೇನೆ. ಅವಳು ಕಳಿಸಿದ ಟಿಕೆಟ್‌ನಲ್ಲಿ ಮೇಲೆ ಯುನೈಟೆಡ್ ಅಂತಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಲುಫ್ತಾನ್ಸಾ ಅಂತಿದೆ. ಯಾವ ಕೌಂಟರ್‌ಗೆ ಹೋಗಲಿ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮತ್ತೆ, ಸ್ವಲ್ಪ ಕೊಬ್ಬರಿ ಒಯ್ಯಬಹುದಾ ಮೇಡಂ? — ತಿಪಟೂರಿನ ಓದುಗಿ

ಅಮ್ಮಾ, ಆ ಸಣ್ಣ ಅಕ್ಷರವನ್ನು ಓದಿದಿರಲ್ಲ, ಅರ್ಧ ಗೆದ್ದಿರಿ. ನನ್ನ ಕೌಂಟರ್ ಮುಂದೆ ಸೂಟು ಬೂಟು ಹಾಕಿಕೊಂಡು ಬಂದವರೂ ಅದನ್ನು ಓದಿರುತ್ತಿರಲಿಲ್ಲ. ಲುಫ್ತಾನ್ಸಾ ಕೌಂಟರ್‌ಗೆ ಹೋಗಿ. ಯುನೈಟೆಡ್ ಕೌಂಟರ್ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಆ ಕಂಪನಿಯ ಸ್ವಂತ ವಿಮಾನ ಬೆಂಗಳೂರಿಗೆ ಬರುವುದೇ ಇಲ್ಲ.

ಇದಕ್ಕೆ ಕೋಡ್‌ಶೇರ್ ಅಂತಾರೆ. ಒಂದು ಕಂಪನಿ ವಿಮಾನ ಹಾರಿಸುತ್ತದೆ. ಅದರ ಜೊತೆ ಒಪ್ಪಂದ ಇರುವ ಇನ್ನೊಂದು ಕಂಪನಿ ಅದೇ ಸೀಟನ್ನು ತನ್ನ ಹೆಸರು, ತನ್ನ ನಂಬರ್ ಹಾಕಿ ಮಾರುತ್ತದೆ. ಲುಫ್ತಾನ್ಸಾದ ಫ್ರಾಂಕ್‌ಫರ್ಟ್ ವಿಮಾನಕ್ಕೆ ಎಲ್‌ಎಚ್ ನಂಬರ್ ಇರುತ್ತದೆ, ಯುನೈಟೆಡ್‌ನ ಯುಎ ನಂಬರ್ ಕೂಡ ಇರುತ್ತದೆ. ಏರ್‌ಪೋರ್ಟ್ ಬೋರ್ಡಿನಲ್ಲಿ ಒಂದೇ ಸಾಲಿನ ಹೆಸರು ಕಣ್ಣೆದುರೇ ಬದಲಾಗುತ್ತಿರುತ್ತದೆ. ಗಾಬರಿಯಾಗಬೇಡಿ. ಟಿಕೆಟ್‌ನಲ್ಲಿ 'ಆಪರೇಟೆಡ್ ಬೈ' ಅಂತ ಒಂದು ಸಾಲು ಇರುತ್ತದೆ. ಅದರ ಮುಂದೆ ಯಾರ ಹೆಸರಿದೆಯೋ ವಿಮಾನ ಅವರದು, ಕೌಂಟರೂ ಅವರದು. ಲಗೇಜ್ ಎಷ್ಟು ಕೆಜಿ ಅನ್ನುವುದನ್ನು ಮಾತ್ರ ಟಿಕೆಟ್ ನೋಡಿಯೇ ತಿಳಿದುಕೊಳ್ಳಿ, ಅವರಿವರು ಹೇಳಿದ್ದನ್ನು ನಂಬಬೇಡಿ.

ನೀವು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ವಿಮಾನ ಬದಲಿಸಬೇಕು. ಅದಕ್ಕೇ ಬೆಂಗಳೂರಿನಲ್ಲೇ ಶಿಕಾಗೋವರೆಗಿನ ಎರಡೂ ಬೋರ್ಡಿಂಗ್ ಪಾಸ್ ಕೇಳಿ ಪಡೆಯಿರಿ. ಸೂಟ್‌ಕೇಸಿನ ಟ್ಯಾಗ್ ಮೇಲೆ ಓಆರ್‌ಡಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇದೆಯಾ ಅಂತ ನೋಡಿಕೊಳ್ಳಿ. ಶಿಕಾಗೋಗೂ ಆ ಅಕ್ಷರಗಳಿಗೂ ಏನು ನಂಟು ಅಂತ ನಾನೂ ಮೊದಮೊದಲು ತಲೆ ಕೆರೆದುಕೊಂಡಿದ್ದೆ. ಆ ನಿಲ್ದಾಣದ ಹಳೇ ಹೆಸರು ಆರ್ಚರ್ಡ್ ಫೀಲ್ಡ್, ಅದರಿಂದ ಬಂದದ್ದು. ಫ್ರಾಂಕ್‌ಫರ್ಟ್‌ನಲ್ಲಿ ಪೆಟ್ಟಿಗೆ ಮುಟ್ಟುವ ಕೆಲಸ ಇಲ್ಲ. ಶಿಕಾಗೋದಲ್ಲಿ ಇಳಿದ ಮೇಲೆ ತೆಗೆದುಕೊಂಡರೆ ಸಾಕು. ಅಮೆರಿಕದ ವೀಸಾ ಇರುವುದರಿಂದ ಜರ್ಮನಿಯ ಟ್ರಾನ್ಸಿಟ್ ವೀಸಾ ಕೇಳುವುದಿಲ್ಲ. ವೀಲ್‌ಚೇರ್ ಬೇಕು ಅಂತ ಎರಡು ದಿನ ಮುಂಚೆಯೇ ಮಗಳಿಂದ ಹೇಳಿಸಿ. ದುಡ್ಡು ಕೊಡಬೇಕಾಗಿಲ್ಲ. ಕಾಲು ಗಟ್ಟಿಯಾಗಿದೆ, ನನಗ್ಯಾಕೆ ಅನ್ನಬೇಡಿ. ವೀಲ್‌ಚೇರ್ ಅಂದರೆ ಬರೀ ಕುರ್ಚಿ ಅಲ್ಲ, ಜೊತೆಗೆ ದಾರಿ ಗೊತ್ತಿರುವ ಒಬ್ಬ ಮನುಷ್ಯ ಬರುತ್ತಾನೆ. ಫ್ರಾಂಕ್‌ಫರ್ಟ್‌ನಂಥ ಕಡೆ ನಿಮಗೆ ಬೇಕಿರುವುದು ಅವನು.

ಇನ್ನು ಕೊಬ್ಬರಿ. ತಿಪಟೂರಿನವರಿಗೆ ಇದನ್ನು ಹೇಳುವುದು ಕಷ್ಟ. ಬೇಡಮ್ಮಾ. ಕೈಚೀಲದಲ್ಲೂ ಬೇಡ, ಸೂಟ್‌ಕೇಸಲ್ಲೂ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ವಿಮಾನದ ನಿಯಮದಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಸ್ಕ್ಯಾನ್‌ನಲ್ಲಿ ಸಿಕ್ಕಿದರೆ ಪೆಟ್ಟಿಗೆ ಬಿಚ್ಚಿಸಿ ತೆಗೆಸುತ್ತಾರೆ. ಎಷ್ಟು ಬಟ್ಟಲು ಕೊಬ್ಬರಿ ನನ್ನ ಕಣ್ಣೆದುರು ಹಾಗೆ ಹೋಯಿತೋ! ಅದರ ಬದಲು ಮನೆಯಲ್ಲೇ ಅಂಟಿನುಂಡೆ ಕಟ್ಟಿ, ಚಟ್ನಿಪುಡಿ ಮಾಡಿ, ಗಟ್ಟಿಯಾಗಿ ಪ್ಯಾಕ್ ಮಾಡಿ ಸೂಟ್‌ಕೇಸಿನಲ್ಲಿ ಇಡಿ. ಅಮೆರಿಕದಲ್ಲಿ ಇಳಿದಾಗ ತಿಂಡಿ ಏನಾದರೂ ಇದೆಯಾ ಅಂತ ಕೇಳಿದರೆ ಇದೆ ಅಂದುಬಿಡಿ. ಹೇಳಿದರೆ ಹೆಚ್ಚೆಂದರೆ ಒಂದೆರಡು ಡಬ್ಬಿ ಎತ್ತಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ.

ಮೊಮ್ಮಗನೋ ಮೊಮ್ಮಗಳೋ, ಬಂದ ಮೇಲೆ ಬರೆಯಿರಿ.

ಪ್ರಶ್ನೆ: ಟರ್ಮಿನಲ್ 1, ಟರ್ಮಿನಲ್ 2 ಅಂತ ತಲೆ ಕೆಡಿಸಿದ್ದಾರೆ. ಯಾವ ಕಂಪನಿ ಎಲ್ಲಿ? — ರಾಜಾಜಿನಗರದ ಓದುಗರು

ಹೊರದೇಶಕ್ಕೆ ಹೋಗುವುದಾದರೆ ಕಂಪನಿ ಯಾವುದೇ ಇರಲಿ, ಟರ್ಮಿನಲ್ 2. ಎಮಿರೇಟ್ಸ್, ಕತಾರ್, ಸಿಂಗಪುರ ಏರ್‌ಲೈನ್ಸ್, ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್, ಎಲ್ಲ ಅಲ್ಲೇ. 2023ರ ಸೆಪ್ಟೆಂಬರ್ 12ರಿಂದ ಹೀಗಿದೆ. ದೇಶದೊಳಗೆ ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಟಾರ್ ಏರ್ ಕೂಡ ಟರ್ಮಿನಲ್ 2. ಇಂಡಿಗೋ, ಆಕಾಸ ದೇಶದೊಳಗೆ ಹಾರುವುದು ಟರ್ಮಿನಲ್ 1ರಿಂದ. ಹಾಗಂತ ಈ ಪುಟ ಕತ್ತರಿಸಿ ಇಟ್ಟುಕೊಳ್ಳಬೇಡಿ. ಕಂಪನಿಗಳನ್ನು ಅತ್ತಿಂದಿತ್ತ ಬದಲಾಯಿಸುವುದುಂಟು, ಟಿಕೆಟ್‌ನಲ್ಲಿ ಏನಿದೆಯೋ ಅದೇ ಸರಿ.

ಎಡವುವುದು ಎಲ್ಲಿ ಅಂದರೆ ಇಂಡಿಗೋದಲ್ಲಿ. ದೆಹಲಿಗೆ ಹೋದರೆ 1, ಸಿಂಗಪುರಕ್ಕೆ ಹೋದರೆ 2. ನಮ್ಮ ಭಾವ ತಿಂಗಳಿಗೆರಡು ಸಲ ದೆಹಲಿಗೆ ಓಡಾಡುವವರು. ಸಿಂಗಪುರಕ್ಕೆ ಹೊರಟ ದಿನವೂ ಕಾಲು ತಾನಾಗಿ 1ಕ್ಕೇ ಹೋಯಿತು. ಬಾಗಿಲಲ್ಲಿ ಸೆಕ್ಯುರಿಟಿಯವನು ಟಿಕೆಟ್ ನೋಡಿ ಪಕ್ಕಕ್ಕೆ ಕೈ ತೋರಿಸಿದ. ಎರಡರ ನಡುವೆ ಪುಕ್ಕಟೆ ಬಸ್ಸಿದೆ. ಅದನ್ನು ಕಾಯುವ ತಾಳ್ಮೆ ಇಲ್ಲದೆ ಟ್ರಾಲಿ ತಳ್ಳಿಕೊಂಡು ಓಡಿದರು. ವಿಮಾನವೇನೋ ಸಿಕ್ಕಿತು. ತಂಗಿ ಈಗಲೂ ಆ ಕಥೆ ಎತ್ತಿದರೆ ಮನೆಯಲ್ಲಿ ಮಾತು ನಿಲ್ಲುತ್ತದೆ.

ಟರ್ಮಿನಲ್ 2 ನೋಡಲು ಚೆಂದ, ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು, ಎಲ್ಲ ಸರಿ. ನನಗೆ ಖುಷಿ ಕೊಟ್ಟಿದ್ದು ಬೇರೆ. 2023ರ ಜನವರಿ 15ಕ್ಕೆ ಅಲ್ಲಿಂದ ಮೊದಲು ಎದ್ದ ವಿಮಾನ ದುಬೈಗಲ್ಲ, ಲಂಡನ್ನಿಗಲ್ಲ, ಕಲಬುರಗಿಗೆ!

ಪ್ರಶ್ನೆ: ಊರೊಳಗೇ ಎಚ್‌ಎಎಲ್ ಏರ್‌ಪೋರ್ಟ್ ಇತ್ತು. ಹತ್ತು ನಿಮಿಷಕ್ಕೆ ಹೋಗುತ್ತಿದ್ದೆವು. ಅದನ್ನು ಮುಚ್ಚಿದ್ದು ಯಾಕೆ? ಎರಡೂ ಇರಬಾರದಿತ್ತೇ? — ಇಂದಿರಾನಗರದ ಹಿರಿಯ ಓದುಗರು

ಸ್ವಾಮಿ, ನಿಮ್ಮ ಸಂಕಟ ನನ್ನದೂ ಹೌದು. ಆಗ ನಮ್ಮ ಬಾಡಿಗೆ ಮನೆ ದೊಮ್ಮಲೂರಿನಲ್ಲಿತ್ತು. ಕುಕ್ಕರ್ ಇಳಿಸಿ ಆಟೋ ಹತ್ತಿದರೆ ಅನ್ನ ಆರುವುದರೊಳಗೆ ಕೌಂಟರ್‌ನಲ್ಲಿರುತ್ತಿದ್ದೆ.

ಮುಚ್ಚಿದ್ದಕ್ಕೆ ಕಾರಣ ಒಪ್ಪಂದ. ದೇವನಹಳ್ಳಿ ನಿಲ್ದಾಣ ಕಟ್ಟುವ ಕಂಪನಿಯ ಜೊತೆ ಕೇಂದ್ರ ಸರ್ಕಾರ 2004ರ ಜುಲೈನಲ್ಲಿ ಸಹಿ ಹಾಕಿತು. ಹೊಸದು ತೆರೆದ ದಿನ ಹಳೆಯದರಲ್ಲಿ ಪ್ರಯಾಣಿಕರ ವಿಮಾನ ನಿಲ್ಲಿಸಬೇಕು ಅಂತ ಅದರಲ್ಲಿತ್ತು. ಅಷ್ಟೇ ಅಲ್ಲ, 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ಖಾಸಗಿಯವರು ಸಾವಿರಾರು ಕೋಟಿ ಸುರಿಯುವಾಗ ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯಬೇಡಿ ಅನ್ನುವುದು ಸಹಜ, ಅಲ್ವಾ? ಆದರೆ ಆ ಸಹಿಯ ಬೆಲೆ ಕೊಟ್ಟವರು ಜಯನಗರ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು. ಮುಂಬೈಗೆ ಹಾರಲು ಒಂದೂಮುಕ್ಕಾಲು ಗಂಟೆ, ಹೆಬ್ಬಾಳ ದಾಟಲು ಎರಡು ಗಂಟೆ. ಆ 25 ವರ್ಷ ಮುಗಿಯುವುದು 2033ಕ್ಕೆ. ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ, ನೆಲಮಂಗಲ ಕಡೆ ಜಾಗ ನೋಡುತ್ತಿರುವುದು ಅದಕ್ಕೇ.

ಆದರೂ ನಿಜ ಹೇಳಬೇಕು. ಹಳೇ ನಿಲ್ದಾಣಕ್ಕೆ ಉಸಿರು ಕಟ್ಟಿತ್ತು. ಕೊನೆಯ ವರ್ಷ ಸುಮಾರು ಒಂದು ಕೋಟಿ ಜನ ಅಲ್ಲಿ ಓಡಾಡಿದರು. ರಾತ್ರಿ ಹೊತ್ತು ಯೂರೋಪಿನ ವಿಮಾನದ ಕ್ಯೂ, ಬೆಳಗಿನ ಮುಂಬೈ ಕ್ಯೂ ಒಂದಕ್ಕೊಂದು ಸೇರಿ ಬಾಗಿಲ ಆಚೆ ಹೋಗುತ್ತಿತ್ತು. ಬೀಳ್ಕೊಡಲು ಬಂದವರು ಬೇರೆ. ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ಹದಿನೆಂಟು ಜನ ನೆಂಟರು, ಕೈಯಲ್ಲಿ ಹಾರ. ಈಗ ದೇವನಹಳ್ಳಿಯಲ್ಲಿ ವರ್ಷಕ್ಕೆ 4 ಕೋಟಿಗೂ ಜಾಸ್ತಿ ಜನ, ತಲಾ 4,000 ಮೀಟರ್ ಉದ್ದದ ಎರಡು ರನ್‌ವೇ. ಎಚ್‌ಎಎಲ್‌ನ ಆ ಒಂದೇ ಪಟ್ಟಿಯಲ್ಲಿ ಇದು ಆಗದ ಮಾತು.

2008ರ ಮೇ 23ರ ರಾತ್ರಿ ನನ್ನದು ಕೊನೆಯ ಪಾಳಿ. ಮುಚ್ಚಬೇಡಿ ಅಂತ ಸಿಬ್ಬಂದಿ ಮುಷ್ಕರ ಮಾಡಿ ಎರಡು ತಿಂಗಳಾಗಿತ್ತು ಅಷ್ಟೆ. ಕೌಂಟರ್ ಮೇಲೆ ದಾರ ಕಟ್ಟಿದ್ದ ಪೆನ್ನು ಒಂದು ಇತ್ತು. ಎಲ್ಲರೂ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದದ್ದು. ದಾರ ಬಿಚ್ಚಿ ಪೆನ್ನು ಬ್ಯಾಗಿಗೆ ಹಾಕಿಕೊಂಡೆ. ಮೇ 24ಕ್ಕೆ ದೇವನಹಳ್ಳಿಯಲ್ಲಿ ಹೊಸ ಕೌಂಟರ್, ಹೊಸ ಕಂಪ್ಯೂಟರ್. ಮೊದಲ ಪ್ರಯಾಣಿಕರು ಕೇಳಿದ್ದೇನು ಗೊತ್ತಾ? "ಮೇಡಂ, ಪೆನ್ನಿದೆಯಾ?"

ಪ್ರಶ್ನೆ: ಕಂಪನಿಗಳು ಬರುತ್ತವೆ, ಮುಳುಗುತ್ತವೆ. ಮುಂಗಡ ಟಿಕೆಟ್ ಮಾಡಿದರೆ ದುಡ್ಡಿಗೆ ಏನು ಗ್ಯಾರಂಟಿ? — ಹುಬ್ಬಳ್ಳಿಯ ವಿದ್ಯಾರ್ಥಿ

ನಿಮ್ಮ ಊರಿನವರೇ ಇದನ್ನು ಕೇಳಬೇಕು ನೋಡಿ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಶುರುವಾದಾಗ ಬೆಂಗಳೂರು–ಹುಬ್ಬಳ್ಳಿ ಅದರ ಮೊದಮೊದಲ ದಾರಿ. ಚಪ್ಪಲಿ ಹಾಕಿಕೊಂಡು ಸಂಕೋಚವಿಲ್ಲದೆ ವಿಮಾನ ಹತ್ತುವವರನ್ನು ನಾನು ನೋಡಿದ್ದು ಆಗಲೇ. ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬೋರ್ಡಿಂಗ್ ಪಾಸ್ ಕೈಗೆ ಕೊಟ್ಟರೆ, "ಕಿಟಕಿ ಕಡೆ ಕೊಡ್ರಿ, ದುಡ್ಡು ಕೊಟ್ಟೀನಿ" ಅಂದಿದ್ದರು. ಆ ಕಂಪನಿ ಕಿಂಗ್‌ಫಿಶರ್ ಪಾಲಾಯಿತು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ನಿಂತವು. 2014ರಲ್ಲಿ ಬೆಂಗಳೂರಿನಿಂದಲೇ ಹಾರಾಟ ಶುರುಮಾಡಿದ ಏರ್ ಏಷ್ಯಾ ಇಂಡಿಯಾ ಈಗ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿದೆ. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಕರಗಿತು.

ಇನ್ನೊಂದರಲ್ಲಿ ಸೇರಿಹೋದರೆ ನಿಮ್ಮ ಟಿಕೆಟ್ ಸಾಮಾನ್ಯವಾಗಿ ಉಳಿಯುತ್ತದೆ. ಬಾಗಿಲು ಹಾಕಿದರೆ ದುಡ್ಡು ಬರಬೇಕಾದವರ ಸಾಲಿನಲ್ಲಿ ನೀವು ಕೊನೆಯವರು. ಬ್ಯಾಂಕಿನವರು, ವಿಮಾನ ಬಾಡಿಗೆ ಕೊಟ್ಟವರು ಮುಂದೆ ನಿಂತಿರುತ್ತಾರೆ. ಅದಕ್ಕೇ ದೊಡ್ಡ ಮೊತ್ತ ಆದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡಿ. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ವಾಪಸ್ ಕೇಳಲು ಒಂದು ದಾರಿ ಇರುತ್ತದೆ. ಸಂಬಳ ತಡ, ವಿಮಾನ ನೆಲದ ಮೇಲೆ ನಿಂತಿವೆ ಅನ್ನುವ ಸುದ್ದಿ ಪೇಪರ್‌ನಲ್ಲಿ ಬರತೊಡಗಿದ ಕಂಪನಿಯಲ್ಲಿ ಆರು ತಿಂಗಳ ಮುಂಚೆ ಟಿಕೆಟ್ ಮಾಡಬೇಡಿ, ಎಷ್ಟೇ ಅಗ್ಗ ಇದ್ದರೂ.

ನಮ್ಮ ಪಾಡು ಬೇರೆ. ಒಂದು ಕಂಪನಿ ಹೋದರೆ ಆರು ತಿಂಗಳಲ್ಲಿ ಇನ್ನೊಂದರ ಸೀರೆ ಉಟ್ಟು ಎರಡು ಕೌಂಟರ್ ಆಚೆ ನಿಂತಿರುತ್ತಿದ್ದೆವು. ವಾರಕ್ಕೊಮ್ಮೆ ಬರುವವರು, "ಏನ್ ಮೇಡಂ, ಇಲ್ಲಿ?" ಅನ್ನುವರು. ಇಲ್ಲೇ ಇದ್ದೀವಿ, ಬೋರ್ಡ್ ಬದಲಾಗಿದೆ ಅಷ್ಟೆ ಅನ್ನುತ್ತಿದ್ದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೆಳಗ್ಗೆ 6:30ಕ್ಕೆ ಶಿವಮೊಗ್ಗ ಕಡೆ ಹೋಗುವ ವಿಮಾನ ಮಾಡಲಾ? ಮಂಜಿನ ಭಯ. — ಬಸವೇಶ್ವರನಗರ

ಮಾಡಬೇಡಿ. ದೇವನಹಳ್ಳಿ ಬಯಲು, ನಂದಿಬೆಟ್ಟದ ಬುಡ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ ಜಾವ ಮಂಜು ಕವಿಯುತ್ತದೆ. ದಕ್ಷಿಣ ರನ್‌ವೇಯಲ್ಲಿ ಕ್ಯಾಟ್-3 ಸಲಕರಣೆ ಇದೆ, ಅಂದರೆ ಕಣ್ಣಿಗೆ ಕಾಣದಿದ್ದರೂ ಇಳಿಸುವ ವ್ಯವಸ್ಥೆ. ಆದರೆ ರನ್‌ವೇಗೆ ಇದ್ದರೆ ಸಾಲದು, ವಿಮಾನಕ್ಕೂ ಇರಬೇಕು, ಪೈಲಟ್‌ಗೂ ತರಬೇತಿ ಆಗಿರಬೇಕು. ಸಣ್ಣ ಊರುಗಳಿಗೆ ಹೋಗುವ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನಕ್ಕೆ ಅದು ಇರುವುದಿಲ್ಲ. ಹತ್ತು ಗಂಟೆಯ ನಂತರದ್ದು ನೋಡಿ. ಇಲ್ಲವಾದರೆ ರಾತ್ರಿ ರೈಲು ಹತ್ತಿ, ನಿದ್ದೆಯಾದರೂ ಆಗುತ್ತದೆ.

ಪ್ರಶ್ನೆ: ಏರ್ ಶೋ ಬಂದಾಗ ನಮ್ಮ ಏರಿಯಾದಲ್ಲಿ ಮಾಂಸದಂಗಡಿ ಮುಚ್ಚಿಸುತ್ತಾರೆ. ವಿಮಾನಕ್ಕೂ ಕೋಳಿಗೂ ಏನು ಸಂಬಂಧ ಆಂಟಿ? — ಯಲಹಂಕದ ಎಂಟನೇ ಕ್ಲಾಸ್ ಹುಡುಗ

ಕೋಳಿಗಲ್ಲಪ್ಪ, ಹದ್ದಿಗೆ. ಅಂಗಡಿಯವರು ಎಸೆದ ಚೂರುಗಳಿಗೆ ಹದ್ದುಗಳು ಗುಂಪುಗಟ್ಟುತ್ತವೆ. ಒಂದು ಹದ್ದು ಎಂಜಿನ್ ಒಳಗೆ ಹೋದರೆ ಫೈಟರ್ ವಿಮಾನವೇ ಬೀಳಬಹುದು. ಏರೋ ಇಂಡಿಯಾ ನಡೆಯುವುದು ನಿಮ್ಮೂರಿನ ವಾಯುಪಡೆ ನೆಲೆಯಲ್ಲಿ, ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ದೇವನಹಳ್ಳಿಯ ವಿಮಾನಗಳನ್ನೂ ದಿನಕ್ಕೆ ಕೆಲವು ಗಂಟೆ ನಿಲ್ಲಿಸುತ್ತಾರೆ. ನಮ್ಮ ಮನೆಯವರು ಒಂದು ವಾರ ಬೇಳೆಸಾರು ತಿಂದು ಮುಖ ಸೊಟ್ಟ ಮಾಡಿಕೊಂಡಿರುತ್ತಾರೆ.

ಪ್ರಶ್ನೆ: ಒಂಟಿ ಹೆಂಗಸು, ನಡುರಾತ್ರಿ ಹೊರಡಬೇಕು. ಕ್ಯಾಬ್ ಬೇಡ ಅನ್ನಿಸುತ್ತದೆ. ಬಸ್ ನಂಬಬಹುದಾ? — ಚಾಮರಾಜಪೇಟೆ

ಧಾರಾಳವಾಗಿ. ಮೆಜೆಸ್ಟಿಕ್‌ನಿಂದ ವಾಯುವಜ್ರ ಕೆಐಎ-9 ರಾತ್ರಿಯೂ ಓಡುತ್ತದೆ. ರಾತ್ರಿ ಪಾಳಿಗೆ ಎಷ್ಟೋ ವರ್ಷ ನಾನು ಹೋಗಿದ್ದು ವಾಯುವಜ್ರದಲ್ಲೇ. ಪೆಟ್ಟಿಗೆ ಇಡಲು ಒಳಗೇ ಜಾಗ ಇದೆ. ಸಾದಹಳ್ಳಿ ಟೋಲ್ ದಾಟಿದ ಮೇಲೆ ಯಾವ ಟರ್ಮಿನಲ್ ಅಂತ ಕಂಡಕ್ಟರ್‌ಗೆ ಹೇಳಿ. ಗೊತ್ತಿಲ್ಲದಿದ್ದರೆ ಕಂಪನಿ ಹೆಸರು, ಹೋಗುವ ಊರು ಎರಡನ್ನೂ ಹೇಳಿ. ಬರೀ ಇಂಡಿಗೋ ಅಂದರೆ ಅವರೇ ತಿರುಗಿ ಕೇಳುತ್ತಾರೆ: "ದೆಹಲಿನಾ, ಸಿಂಗಪುರನಾ?"