'ಸಿನ್ಸಿಯರ್ ಜೇನು' ಲೇಬಲ್ ಅಚ್ಚಿಗೆ ಕೊಡುವ ಮೊದಲು ಇದನ್ನು ಓದಿ

ನಿಮ್ಮ ತಾರಸಿಯ ಜೇನಿಗೆ ಮಾಡಿಸುವ ಲೇಬಲಿನ ಪೋಸ್ಟ್ ನೋಡಿದೆ. 'ಸಿನ್ಸಿಯರ್' ಎಂಬ ಹೆಸರು ಚೆನ್ನಾಗಿದೆ, ಇರಲಿ. ಹೆಸರಿನ ಕೆಳಗಿನ ಸಾಲನ್ನು ಮಾತ್ರ ತೆಗೆಯಿರಿ: "ಲ್ಯಾಟಿನ್ನಿನ ಸಿನೆ ಕೇರಾ, ಅಂದರೆ ಮೇಣವಿಲ್ಲದ್ದು, ಎಂಬುದರಿಂದ ಬಂದ ಪದ." ಇದನ್ನೇ ಅಚ್ಚು ಹಾಕಿಸಿ ಐನೂರು ಲೇಬಲ್ ಹಾಳು ಮಾಡಿಕೊಂಡವನು ನಾನು. ಜಯನಗರದ ಸಂತೆಯಲ್ಲಿ ಮೊದಲ ಗಿರಾಕಿಯೇ ಲ್ಯಾಟಿನ್ ಓದಿದ ಹಿರಿಯರು. ಬಾಟಲಿ ತಿರುಗಿಸಿ ಓದಿ, "ಜೇನು ಅಸಲಿ ಇರಬಹುದು, ಕಥೆ ಕಲಬೆರಕೆ" ಎಂದು ಕೆಳಗಿಟ್ಟು ಹೋದರು. ರಾತ್ರಿ ಮಾರ್ಕರ್ ಹಿಡಿದು ಕೂತು ಅಳಿಸಿದರೆ ಹೊಳಪಿನ ಸ್ಟಿಕರ್ ಮೇಲೆ ಮಸಿ ಹರಡಿ ಹೂವಿನ ಚಿತ್ರವೂ ಕೆಟ್ಟಿತು.

ಶಿಲ್ಪಿಗಳು ಅಮೃತಶಿಲೆಯ ಬಿರುಕಿಗೆ ಮೇಣ ಮೆತ್ತುತ್ತಿದ್ದರು, ಅದಕ್ಕೇ ಮೇಣವಿಲ್ಲದ್ದು ಅಸಲಿ ಎಂದು ನಿಮ್ಮ ಪೋಸ್ಟಿನ ಕೆಳಗೆ ಯಾರೋ ಬರೆದಿದ್ದಾರೆ. ಅದೂ ಕಟ್ಟುಕಥೆಯೇ. ಜೇನಿನ ಹೋಲಿಕೆ ಮಾತ್ರ ಹಳೆಯದು: ನಾಲ್ಕನೆಯ ಶತಮಾನದ ವ್ಯಾಕರಣಕಾರ ಡೊನಾಟಸ್ ಈ ಪದಕ್ಕೆ "ಮೇಣವಿಲ್ಲದ ಜೇನಿನಂತೆ" ಎಂದು ಟಿಪ್ಪಣಿ ಬರೆದಿದ್ದಾನೆ. ಹಳೆಯದಾದ ಮಾತ್ರಕ್ಕೆ ಹುಟ್ಟು ನಿಜವಾಗುವುದಿಲ್ಲ. ಮೂಲ ಪದ 'ಸಿಂಕೇರುಸ್'; ಶುದ್ಧ, ಕೆಡದ್ದು ಎಂದರ್ಥ. 'ಒಂದೇ ಬೆಳವಣಿಗೆಯದು', ಬೆರಕೆಯಿಲ್ಲದ್ದು ಎಂಬ ವಿವರಣೆಗೆ ವಿದ್ವಾಂಸರ ಒಲವು. ಇಂಗ್ಲಿಷಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. 1611ರ ಇಂಗ್ಲಿಷ್ ಬೈಬಲಿನಲ್ಲಿ 'ಸಿನ್ಸಿಯರ್ ಹಾಲು' ಇದೆ, ಕಲಬೆರಕೆಯಿಲ್ಲದ ಹಾಲು ಎಂಬರ್ಥದಲ್ಲಿ. ಹಾಲಿನಲ್ಲಿ ಮೇಣ ಎಲ್ಲಿಂದ ಬರಬೇಕು?

ಪದವನ್ನು ಎರಡು ತುಂಡು ಮಾಡಿ ನಡುವೆ ಕಥೆ ತುರುಕಿದರೆ ಅನುಮಾನಪಡಿ. ನಮ್ಮ ಊರಿನ 'ಬೆಂದ ಕಾಳೂರು' ಕಥೆಯೂ ಹಾಗೆಯೇ. ಅದನ್ನು ಹೊಯ್ಸಳ ವೀರಬಲ್ಲಾಳನಿಗೆ ಕಟ್ಟುತ್ತಾರೆ, ಅಂದರೆ ಹನ್ನೆರಡನೆಯ ಶತಮಾನದ ಕೊನೆಗೆ. ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಆಗಲೇ 'ಬೆಂಗಳೂರು' ಎಂದು ಕೆತ್ತಿದೆ! ಕಥೆ ನಂಬುವ ಮೊದಲು ಪದ ಮೊದಲು ಎಲ್ಲಿ, ಯಾವಾಗ ಸಿಕ್ಕಿತು ಎಂದು ಹುಡುಕಿ.

ಮೂಲಾರ್ಥ 'ಒಂದೇ ಬೆಳವಣಿಗೆಯದು' ಎಂದು ಲೇಬಲಿನಲ್ಲಿ 'ಒಂದೇ ಹೂವಿನ ಜೇನು' ಎಂದೂ ಬರೆಯಬೇಡಿ. ತಾರಸಿಯ ತುಡುವೆ ಜೇನುಹುಳುಗಳು ಹೊಂಗೆಗೂ ಹೋಗುತ್ತವೆ, ಪಕ್ಕದ ಮನೆಯ ತುಳಸಿಗೂ ಹೋಗುತ್ತವೆ. ಮೇಣವಿಲ್ಲದಿರುವುದು ಶುದ್ಧತೆಯ ಗುರುತೂ ಅಲ್ಲ; ಎರಿಸಮೇತ ಮಾರುವ ಜೇನಿಗೆ ಏನನ್ನುತ್ತೀರಿ? ಇನ್ನು ನೀರಿನ ಲೋಟದ ಪರೀಕ್ಷೆ, ಬೆಂಕಿಕಡ್ಡಿಯ ಪರೀಕ್ಷೆ ಎಂದು ವಿಡಿಯೊ ಹಾಕುವವರಿಗೆ ಒಂದು ಮಾತು: ಅವುಗಳಿಂದ ಸಕ್ಕರೆ ಪಾಕ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ರಿಫ್ರ್ಯಾಕ್ಟೋಮೀಟರ್ ಎಂಬ ಅಳತೆಯ ಸಾಧನ ಹಿಡಿದು ಜೇನಿನ ತೇವಾಂಶ ನೋಡಿ. ಶೇಕಡಾ 20 ದಾಟಿದರೆ ಬಾಟಲಿಗೆ ತುಂಬಬೇಡಿ, ಹುಳಿ ಬರುತ್ತದೆ. ಹುಳುಗಳು ಇನ್ನೂ ಮೇಣದ ಮುಚ್ಚಳ ಹಾಕದ ಎರಿ ಕೊಯ್ಯುವ ಅವಸರವೇ ಅದಕ್ಕೆ ಮುಖ್ಯ ಕಾರಣ.

ಲೇಬಲ್ ಈ ಸಲ ಐವತ್ತೇ ಮಾಡಿಸಿ, ಹೊಳಪಿಲ್ಲದ ಕಾಗದದಲ್ಲಿ.