ತೂಕ ಬಂತು, ಜೊತೆಗೆ ಅಳುವೂ ಬಂತು

ಮುಂಬೈ ಬಳಿಯ ಡೊಂಬಿವಲಿಯಿಂದ ತಾಯಿಯೊಬ್ಬರು ಬರೆದಿದ್ದಾರೆ: "19 ವರ್ಷದ ಮಗಳಿಗೆ ಅನೊರೆಕ್ಸಿಯ, ಊಟ ಬಿಟ್ಟು ಮೈ ಸೊರಗಿಸಿಕೊಳ್ಳುವ ಮನಸ್ಸಿನ ಕಾಯಿಲೆ. ಎಂಟು ತಿಂಗಳ ಚಿಕಿತ್ಸೆಯಾಗಿ ತೂಕ ಈಗ ಡಾಕ್ಟರು ಹೇಳಿದ ಮಟ್ಟದ ಹತ್ತಿರ ಬಂದಿದೆ. ಆದರೆ ಮೊದಲು ತಣ್ಣಗಿದ್ದ ಹುಡುಗಿ ಈಗ ಸಣ್ಣ ಮಾತಿಗೂ ಅಳುತ್ತಾಳೆ. ತಟ್ಟೆ ತಳ್ಳಿ 'ನೀನೇ ನನ್ನನ್ನು ಹಾಳು ಮಾಡಿದ್ದು' ಅನ್ನುತ್ತಾಳೆ. ನಮ್ಮ ಅತ್ತೆ, ಇದೆಲ್ಲ ನಖರಾ, ಹಸಿದರೆ ತಾನೇ ತಿಂತಾಳೆ ಬಿಡು ಅನ್ನುತ್ತಾರೆ. ಮನಸ್ಸು ತಿಳಿಯಾಗುವವರೆಗೆ ಊಟದ ಒತ್ತಾಯ ನಿಲ್ಲಿಸಲೇ? ಮುಂದಿನ ತಿಂಗಳು ಉಡುಪಿಯಲ್ಲಿ ನನ್ನ ತಮ್ಮನ ಮದುವೆ. ಅವಳನ್ನು ಕರೆದೊಯ್ಯಬಹುದೇ?"

ನಿಲ್ಲಿಸಬೇಡಿ ತಾಯಿ. ಒಂದು ಹೊತ್ತೂ ಬೇಡ.

ಅತ್ತೆಯವರ ಮಾತಿನಲ್ಲಿ ಒಂದು ಕಾಳಿನಷ್ಟು ಸತ್ಯವಿದೆ. ಬೆಳಗಿನಿಂದ ರಾತ್ರಿವರೆಗೆ ಮನೆಯಲ್ಲಿ ಊಟದ್ದೇ ಮಾತಾದರೆ ಯಾರಿಗಾದರೂ ಉಸಿರು ಕಟ್ಟುತ್ತದೆ. ಅಷ್ಟಕ್ಕೆ ಅವರಿಗೆ ನಮಸ್ಕಾರ. 'ಹಸಿದರೆ ತಾನೇ ತಿಂತಾಳೆ' ಎಂಬುದು ಮಾತ್ರ ಈ ಕಾಯಿಲೆಯಲ್ಲಿ ನಡೆಯುವ ಮಾತಲ್ಲ. ಎಡವಟ್ಟು ಹೆಸರಿನಲ್ಲೇ ಇದೆ. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಇಟ್ಟ 'ಅನೊರೆಕ್ಸಿಯ' ಎಂಬ ಹೆಸರಿಗೆ ಹಸಿವಿಲ್ಲದಿರುವುದು ಎಂದರ್ಥ. ನಮ್ಮವರೂ ಅದನ್ನೇ ಹಿಡಿದು 'ಅರುಚಿ' ಎಂದು ಬಗೆದು ಜೀರಿಗೆ ಕಷಾಯ ಕುಡಿಸುತ್ತಾರೆ. ಮನೆಮಂದಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸಿ, ನಡುರಾತ್ರಿಯವರೆಗೆ ಅಡುಗೆ ವಿಡಿಯೊ ನೋಡುತ್ತಾ ಕೂರುವ ಹುಡುಗಿಗೆ ಅರುಚಿಯೇ? ಅವಳಿಗಿರುವುದು ದಪ್ಪಗಾಗುವ ಭಯ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಎಲ್ಲರೂ ದೇಹ, ಮನಸ್ಸು ಗಟ್ಟಿ ಎಂದು ಆರಿಸಿ ತೆಗೆದವರೇ. ಅಂಥವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಗೆಳೆಯರು ಬೇಡವಾದರು, ನಗು ನಿಂತಿತು. ನಿಮಗೆ ಮುಖ್ಯವಾದದ್ದು ಮುಂದಿನ ಭಾಗ: ಊಟ ಮತ್ತೆ ಹೆಚ್ಚಿಸಿದ ಕೂಡಲೇ ಅವರ ಮನಸ್ಸು ಸರಿಹೋಗಲಿಲ್ಲ. ಕೆಲವರಿಗಂತೂ ಆ ಮೊದಲ ವಾರಗಳಲ್ಲಿ ಸಿಡುಕು, ಬೇಸರ ಇನ್ನೂ ಹೆಚ್ಚಾಯಿತು.

ಚಕ್ಕಳಮಕ್ಕಳ ಕೂತು ಜೋಮು ಹಿಡಿದ ಕಾಲು, ಕೂತಷ್ಟು ಹೊತ್ತು ನೋಯುವುದಿಲ್ಲ. ಎದ್ದು ನಿಂತಾಗಲೇ ಚುಚ್ಚುವುದು. ನಿಮ್ಮ ಮಗಳು ಆಗ 'ತಣ್ಣಗಿದ್ದದ್ದು' ಆ ಜೋಮು. ಉಪವಾಸ ಬಿದ್ದ ದೇಹ ದುಃಖವನ್ನೂ ಸಿಟ್ಟನ್ನೂ ಮಂಕು ಮಾಡಿಡುತ್ತದೆ. ಅನ್ನ ಸಿಕ್ಕಿದ ಮೇಲೆ ಅವು ಒಟ್ಟಿಗೆ ಎದ್ದು ಬರುತ್ತವೆ. ಈಗ ಊಟ ಬಿಟ್ಟರೆ ಅಳು ನಿಂತೀತು ನಿಜ, ಜೋಮು ವಾಪಸು ಬಂದಿರುತ್ತದೆ. ಕೆಲವು ದಿನ ಬಿಟ್ಟು ಆಮೇಲೆ ಒಮ್ಮೆಲೇ ಉಣಿಸಿದರಾಯಿತು ಎಂದೂ ಎಣಿಸಬೇಡಿ. ಬರಿದಾದ ದೇಹಕ್ಕೆ ಏಕಾಏಕಿ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಕುತ್ತು ಬರಬಹುದು.

ದೇಹವೂ ಈ ಹೊತ್ತಿನಲ್ಲಿ ಅವಳಿಗೆ ಸುಳ್ಳು ಸಾಕ್ಷಿ ಹೇಳುತ್ತಿರುತ್ತದೆ. ಜಠರ ನಿಧಾನಕ್ಕೆ ಖಾಲಿಯಾಗುವುದರಿಂದ ಎರಡು ಇಡ್ಲಿ ಎರಡು ಕಲ್ಲಿನ ಹಾಗೆ ಕೂರುತ್ತವೆ. ಹೊಸ ತೂಕ ಮೊದಲು ಹೊಟ್ಟೆಯ ಸುತ್ತ ಸೇರಿ, ಮೈತುಂಬ ಹಂಚಿಕೊಳ್ಳಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ. ಇದನ್ನು ಅವಳಿಗೆ ಮುಂಚೆಯೇ ಹೇಳಿಡಿ. ಹಳೆಯ ಜೀನ್ಸುಗಳನ್ನು ಮನೆಯಿಂದಲೇ ದಾಟಿಸಿ. ಕಪಾಟಿನಲ್ಲಿದ್ದರೆ ಬಾಗಿಲು ಹಾಕಿಕೊಂಡು ಹಾಕಿ ನೋಡುತ್ತಾಳೆ.

ಇನ್ನು ತಟ್ಟೆಯ ವಿಷಯ. ಮೂರು ಊಟ, ನಡುವೆ ಎರಡೋ ಮೂರೋ ತಿಂಡಿ, ಮೂರು ಗಂಟೆಗಿಂತ ಹೆಚ್ಚು ಅಂತರ ಬೇಡ. ಡಯಟೀಶಿಯನ್ ಕೊಟ್ಟ ಪಟ್ಟಿಯಿಂದ ನಾಳೆಯ ಅಡುಗೆಯನ್ನು ಇವತ್ತು ರಾತ್ರಿಯೇ ಬರೆದಿಡಿ. ತಟ್ಟೆಯ ಮುಂದೆ ಚೌಕಾಸಿ ಇಲ್ಲ. ನಮ್ಮ ಕರಾವಳಿಯವರು ಬೀಳುವ ಹಳ್ಳ ಗಂಜಿ: ಹೊಟ್ಟೆ ನೀರಿನಿಂದ ತುಂಬುತ್ತದೆ, ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಗಂಜಿಯೇ ಬೇಕೆಂದರೆ ತುಪ್ಪ, ತೆಂಗಿನಕಾಯಿ ಚಟ್ನಿ, ಪಕ್ಕದಲ್ಲೊಂದು ಗಟ್ಟಿ ಪಲ್ಯ ಇರಲಿ. ಅವಳು ಇಡ್ಲಿಯನ್ನು ಸಾಸಿವೆಯಷ್ಟು ಚೂರು ಮಾಡುತ್ತಾ ಕೂತಾಗ ಉಪನ್ಯಾಸ ಬೇಡ. "ಕಷ್ಟ ಅಂತ ಗೊತ್ತು ಮಗಾ. ಇಲ್ಲೇ ಇದ್ದೇನೆ. ಮುಂದಿನ ತುತ್ತು ತಗೋ." ಇಷ್ಟೇ, ಇದನ್ನೇ, ದನಿ ಏರಿಸದೆ, ಎಷ್ಟು ಸಲ ಬೇಕಾದರೂ. 'ನೀನೇ ಹಾಳು ಮಾಡಿದ್ದು' ಎಂಬುದನ್ನು ಕಾಯಿಲೆಯ ಬಾಯಿಂದ ಬಂದ ಮಾತು ಎಂದು ಎಣಿಸಿ. ಉತ್ತರ ಕೊಡಬೇಡಿ.

ಊಟವಾದ ಮೇಲಿನ ಒಂದು ಗಂಟೆ ಎಲ್ಲಕ್ಕಿಂತ ಕೆಟ್ಟದ್ದು. ಆಗ ಕೈಗೆ ಕೆಲಸ ಕೊಡಿ: ಹೂ ಕಟ್ಟುವುದು, ಕೇರಂ, ಇಸ್ಪೀಟು. ಊಟಕ್ಕೆ ಮುಂಚೆ, ಮುಗಿದ ಕೂಡಲೇ, ಒಂದು ಗಂಟೆ ಬಿಟ್ಟು, ಹೀಗೆ ಮೂರು ಸಲ ತನ್ನ ಭಯಕ್ಕೆ 0ಯಿಂದ 10ರೊಳಗೆ ಅಂಕ ಹಾಕಿ ಅವಳೇ ಬರೆದಿಡಲಿ. ಏರಿದ ಭಯ ತಾನಾಗಿ ಇಳಿಯುತ್ತದೆಂದು ನೀವು ಹೇಳಿದರೆ ನಂಬುವುದಿಲ್ಲ, ತನ್ನದೇ ಕೈಬರಹವನ್ನು ಒಂದು ದಿನ ನಂಬುತ್ತಾಳೆ. ಚಿಕಿತ್ಸಕರು ಎರಡು ಪತ್ರ ಬರೆಸುವುದೂ ಉಂಟು, ಗೆಳತಿ ಅನೊರೆಕ್ಸಿಯಾಗೆ ಒಂದು, ವೈರಿ ಅನೊರೆಕ್ಸಿಯಾಗೆ ಇನ್ನೊಂದು. ಮೊದಲನೆಯದೇ ಹೆಚ್ಚು ನೋಯಿಸುವುದು. ಶಿಸ್ತು, ಹೊಗಳಿಕೆ, ತಾನು ಒಂದನ್ನಾದರೂ ಗೆದ್ದೆ ಎಂಬ ಭಾವ, ಇವನ್ನೆಲ್ಲ ಕೊಟ್ಟ ಗೆಳತಿಯನ್ನು ಅವಳು ಕಳೆದುಕೊಳ್ಳುತ್ತಿದ್ದಾಳೆ. ಆ ಪತ್ರಗಳನ್ನು ಕದ್ದು ಓದಬೇಡಿ.

ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ, ಮೈ ಕರಗಲೆಂದು, ನಿಂತೇ ಹೋಗುತ್ತಾಳೆಯೇ? ಗಮನಿಸಿ, ಡಾಕ್ಟರಿಗೆ ತಿಳಿಸಿ. ಸೀಟು ಕಂಡರೆ ಕೂರುವುದೂ ಚಿಕಿತ್ಸೆಯೇ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ, ಸಾಯುವ ಮಾತಾಡಿದರೆ ಅಂದೇ ಆಸ್ಪತ್ರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು.

ಈಗ ನನ್ನ ಹಳೆಯ ಸಿಟ್ಟು. ನಮ್ಮ ಜನಕ್ಕೆ ಎದುರು ಸಿಕ್ಕವರ ಮೈ ಅಳೆಯದೆ ನಮಸ್ಕಾರವೇ ಬಾರದು. 'ಸೊರಗಿದ್ದೀ', 'ಊದಿದ್ದೀ', ಆಮೇಲೆ 'ಆರಾಮಾ?' ವಾರಪತ್ರಿಕೆಗಳೂ ಕಡಿಮೆಯಿಲ್ಲ. ಎಡಪುಟದಲ್ಲಿ ಹೋಳಿಗೆ, ಬಲಪುಟದಲ್ಲಿ ಏಳು ದಿನದಲ್ಲಿ ಸೊಂಟ ಕರಗಿಸುವ ಉಪಾಯ! ವರಾನ್ವೇಷಣೆಯ ಜಾಹೀರಾತಿನಲ್ಲಿ 'ತೆಳ್ಳಗೆ, ಬೆಳ್ಳಗೆ'. ಸಂಕಷ್ಟಿ, ಏಕಾದಶಿಗಳ ಮೇಲೆ ನನಗೆ ಗೌರವವಿದೆ. ಆದರೆ ಊಟ ಬಿಟ್ಟ ಹುಡುಗಿಯನ್ನು 'ಎಷ್ಟು ನಿಷ್ಠೆ' ಎಂದು ಹೊಗಳುವ ಮನೆಯಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಪೂಜೆಯ ಮರೆಯಲ್ಲಿ ಬೆಳೆಯುತ್ತದೆ. ನಿಮ್ಮ ಮಗಳಿಗೆ ವ್ರತ ಬೇಡ, ದೇವರು ಬೇಸರಿಸಿಕೊಳ್ಳುವುದಿಲ್ಲ. 'ಈಗ ಚೆನ್ನಾಗಿ ಕಾಣ್ತೀ' ಎಂಬ ಒಳ್ಳೆಯ ಮಾತೂ ಅವಳ ಕಿವಿಗೆ 'ದಪ್ಪಗಾಗಿದ್ದೀ' ಎಂದೇ ಬೀಳುತ್ತದೆ. ಅತ್ತೆಯವರಿಗೆ ಇದೊಂದನ್ನು ಓದಿ ಹೇಳಿ.

ಮದುವೆಗೆ, ಡಾಕ್ಟರು ಒಪ್ಪಿದರೆ, ಹೋಗಿ. ತಮ್ಮನಿಗೆ ಮೊದಲೇ ಫೋನು ಮಾಡಿ, ಅವಳ ಮೈ ಬಗ್ಗೆಯಾಗಲಿ ತಟ್ಟೆ ಬಗ್ಗೆಯಾಗಲಿ ಯಾರೂ ತುಟಿ ಬಿಚ್ಚಬಾರದೆಂದು ಹೇಳಿ. ಪಂಕ್ತಿಯಲ್ಲಿ ಅವಳ ಪಕ್ಕ ನೀವೇ ಕೂರಿ. ರವಿಕೆಗೆ ಅವಳನ್ನು ಟೈಲರ್ ಎದುರು ನಿಲ್ಲಿಸಬೇಡಿ. ಆತ ಟೇಪು ಹಿಡಿದು ಇಂಚುಗಳನ್ನು ಗಟ್ಟಿಯಾಗಿ ಕೂಗಿ ಬರೆಸುತ್ತಾನೆ. ಈಗ ಸರಿಯಾಗಿ ಕೂರುವ ರವಿಕೆಯೊಂದನ್ನು ಅಳತೆಗೆ ಕೊಟ್ಟು ಬನ್ನಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಕುರ್ಲಾ ಬಿಟ್ಟರೆ ಉಡುಪಿ ಮುಟ್ಟುವುದು ಮರುದಿನ. ಅಷ್ಟರಲ್ಲಿ ಸಂಜೆಯ ತಿಂಡಿ, ರಾತ್ರಿಯೂಟ, ಮಲಗುವ ಮುಂಚಿನ ಹಾಲು, ಬೆಳಗಿನ ತಿಂಡಿ ಎಂದು ನಾಲ್ಕು ಹೊತ್ತು ಬರುತ್ತದೆ. ರೈಲಿನಲ್ಲಿ ಸಿಗುವ ಊಟವನ್ನು ನಂಬದೆ ನಾಲ್ಕಕ್ಕೂ ಡಬ್ಬ ಕಟ್ಟಿಕೊಳ್ಳಿ, ನಿಮ್ಮದೂ ಸೇರಿಸಿ. ಅವಳು ತಿನ್ನುವಾಗ ನೀವು ಬರಿಗೈಯಲ್ಲಿ ಕೂತಿರಬಾರದು.

— ಸಂ.